ಎಲೆ ಮಡಚಿದ ತಪ್ಪಿಗೆ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಓದುವವರು ದಯವಿಟ್ಟು ಸಹಿಸಿಕೊಳ್ಳಬೇಕು. ಸಾಲು ವಾಲದಿರಲಿ ಎಂದು ಸ್ಕೇಲು ಇಟ್ಟುಕೊಂಡು ಬರೆಯುತ್ತಿದ್ದೇನೆ. ಅದರಿಂದ ಒತ್ತಕ್ಷರಗಳೆಲ್ಲ ಸ್ಕೇಲಿಗೆ ತಗುಲಿ ಚಪ್ಪಟೆಯಾಗಿವೆ. ಮಾತುಗಳೂ ಅಷ್ಟೇ, ನನಗೆ ದೊಡ್ಡ ಮಾತು ಬರುವುದಿಲ್ಲ. ನಾನು ಪಿಯುಸಿ ಬಿಟ್ಟವಳು. (ಎಲ್ಲಿ ಬಿಟ್ಟೆ ಎಂಬುದನ್ನು ಸರಿಯಾಗಿ ಹೇಳಬೇಕು. ಎರಡು ವರ್ಷ ಓದಿ, ಪರೀಕ್ಷೆಯಲ್ಲಿ ಬಿಟ್ಟೆ. ಗಣಿತದ ದಿನ ಉತ್ತರ ಪತ್ರಿಕೆಯ ಎಲ್ಲ ಪುಟಗಳಿಗೂ ಮಾರ್ಜಿನ್ ಎಳೆದು, ಮೊದಲ ಉತ್ತರವನ್ನು ಅಂದವಾಗಿ ಬರೆದು, ಅದರ ಕೆಳಗೆ ಎರಡು ಗೆರೆ ಹಾಕಿ ತಲೆ ಎತ್ತುವಷ್ಟರಲ್ಲಿ ಗಂಟೆ ಹೊಡೆಯಿತು. ಫಿಸಿಕ್ಸಿನ ದಿನವೂ ಹಾಗೇ ಆಯಿತು. ಆಮೇಲೆ ಕಾಲೇಜಿನ ಕಡೆ ಮುಖ ಹಾಕಲು ನಾಚಿಕೆಯಾಗಿ ಮನೆಯಲ್ಲೇ ಉಳಿದೆ.)

ನಮ್ಮೂರು ತೆರಕಣಾಂಬಿಯಿಂದ ಸ್ವಲ್ಪ ಒಳಗೆ. ಗುಂಡ್ಲುಪೇಟೆಗೆ ಹೋಗುವ ಬಸ್ಸೂ ಚಾಮರಾಜನಗರಕ್ಕೆ ಹೋಗುವ ಬಸ್ಸೂ ಒಂದೇ ಮರದ ಕೆಳಗೆ ನಿಲ್ಲುತ್ತವೆ. ನಮ್ಮ ಮನೆಯೂ ಆ ಮರದಂಥದ್ದೇ. ಅಪ್ಪನ ನೆಂಟರೆಲ್ಲ ಗುಂಡ್ಲುಪೇಟೆ ದಿಕ್ಕಿನವರು, ಅವ್ವನ ನೆಂಟರೆಲ್ಲ ಚಾಮರಾಜನಗರ ದಿಕ್ಕಿನವರು. ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕು ಎಂಬ ಮಾತಿಗೂ ಇಲ್ಲಿ ಎರಡು ಪಕ್ಷ. ಇಂಥ ಮನೆಯಲ್ಲಿ ನನ್ನ ತಂಗಿ ಮೇಘನಾ, ಎಲ್ಲರಂತೆ ಒಂದು ಕಡೆ ಸೀಟು ಪಡೆದು ಸುಮ್ಮನಿರಬಾರದೆ? ಅವಳಿಗೆ ಎಂಜಿನಿಯರಿಂಗ್ ಓದಲು ಎರಡು ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತು.

ಒಂದು ಮೈಸೂರಿನ ಹತ್ತಿರದ್ದು. ಇನ್ನೊಂದು ದಿಂಬಂ ಘಟ್ಟ ಇಳಿದು, ಕೊಯಮತ್ತೂರಿನ ಕಡೆಯದು. ನಮ್ಮ ಮನೆಯಲ್ಲಿ ಅವುಗಳಿಗೆ ‘ಮೇಲಿನದು’, ‘ಕೆಳಗಿನದು’ ಎಂದು ಹೆಸರಾಯಿತು. ಎರಡು ಕಡೆಯೂ ಎಲೆಕ್ಟ್ರಾನಿಕ್ಸೇ. ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಯಾವುದಾದರೂ ಒಂದನ್ನು ಫೋನಿನಲ್ಲಿ ಒಪ್ಪಿಕೊಳ್ಳಬೇಕು, ಇಲ್ಲವಾದರೆ ಎರಡೂ ಹೋಗುತ್ತವೆ.

ಅಪ್ಪ ಮೇಲಿನದರ ಪಕ್ಷ. ಕೆಳಗಿನದರ ಪಕ್ಷಕ್ಕೆ ನಾಯಕ ನಮ್ಮ ಸೋದರಮಾವ ಶಶಿಕುಮಾರ. ಅವನು ಚಂದಕವಾಡಿಯಲ್ಲಿದ್ದುಕೊಂಡು ಬದನಗುಪ್ಪೆಯ ಒಂದು ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾನೆ. ಎಂಜಿನಿಯರುಗಳನ್ನು ದಿನವೂ ಕಣ್ಣಾರೆ ನೋಡುವವನು ಎಂದು ಅವನ ಮಾತಿಗೆ ತೂಕ.

“ನಮ್ ಸೂಪರ್‌ವೈಸರ್ರು ಅಲ್ಲೇ ಓದಿರೋದು ಭಾವ. ಇಡೀ ಫ್ಯಾಕ್ಟ್ರಿಗೆ ಅವ್ರೊಬ್ರೇ ಬೆವರದೆ ಕೆಲ್ಸ ಮಾಡೋದು.”

“ಫ್ಯಾನ್ ಕೆಳಗೆ ಕುಂತ್ರೆ ನಾನೂ ಬೆವರಾಕಿಲ್ಲ ಕಣಪ್ಪ,” ಎಂದ ಅಪ್ಪ. “ಮೇಲಿನದಾದ್ರೆ ಮೈಸೂರ್‌ಗೆ ಹೋದಾಗೆಲ್ಲ ಮಗೀನ ನೋಡ್ಕಂಡ್ ಬರಬೋದು.”

“ದಿನಾ ನೋಡೋದಾದ್ರೆ ಓದಕ್ಯಾಕ್ ಕಳುಸ್ತೀರಿ, ಮನೇಲೇ ಇಟ್ಕಳಿ,” ಎಂದಳು ಅವ್ವ. ಅವಳು ತಮ್ಮನ ಪಕ್ಷ ಎಂದು ಬೇರೆ ಹೇಳಬೇಕಾಗಿಲ್ಲ.

ಎರಡೂ ಕಡೆಯಿಂದ ಬಣ್ಣದ ಪುಸ್ತಕಗಳು ಬಂದಿದ್ದವು. ಮಲ್ಲಿಗಮ್ಮ, ಅಂದರೆ ನಮ್ಮ ಅಜ್ಜಿ, ಅಪ್ಪನ ತಾಯಿ, ಅವೆರಡನ್ನೂ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಎರಡರ ಮೇಲೂ ಕನ್ನಡಕ ಹಾಕಿದ ಒಬ್ಬ ಹುಡುಗಿ ಗಾಜಿನ ಕೊಳವೆ ಹಿಡಿದು ನಗುತ್ತಿದ್ದಳು. ಎರಡರಲ್ಲೂ ಅದೇ ಹುಡುಗಿ, ಅದೇ ನಗು.

“ಈ ಮಗ ಎರಡ್ ಕಡೇನೂ ಓದ್ತಾ ಅವಳಲ್ಲ,” ಎಂದಳು ಅಜ್ಜಿ. “ಇವಳ್ನೇ ಕೇಳ್ಬುಡಿ, ಯಾವುದು ವಾಸಿ ಅಂತ.”

ಅದು ಬರೀ ಫೋಟೋ ಎಂದು ವಿವರಿಸುವುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ವಿವರಿಸಿದ ಮೇಲೆ ಅಜ್ಜಿಗೆ ಎರಡೂ ಮನೆತನದ ಮೇಲೆ ಅನುಮಾನ ಬಂತು. “ಹೆಣ್ ಕೊಡಕ್ ಮುಂಚೆ ನಾವು ಪಟ ನೋಡಿ ಒಪ್ಕತೀವಾ? ಮನೆ ನೋಡ್ತೀವಿ. ಇದ್ಕೂ ಅಂಗೇ. ನಾಲ್ಕ್ ವರ್ಸ ಮಗ ಅಲ್ಲಿರ್ಬೇಕು. ಓಗಿ ನೋಡ್ಕಂಡ್ ಬರನ.”

ಹೀಗೆ ಎರಡು ವಿಶ್ವವಿದ್ಯಾಲಯಗಳಿಗೆ ಮನೆ ನೋಡುವ ಶಾಸ್ತ್ರ ಮಾಡುವುದೆಂದು ತೀರ್ಮಾನವಾಯಿತು. ನಿಯಮಗಳನ್ನು ಅಜ್ಜಿಯೇ ಹೇಳಿದಳು. ಮೂವರು ಹೋಗಬಾರದು, ಐವರು ಹೋಗಬೇಕು. ನೀರು ಕುಡಿಯಬಹುದು, ಆದರೆ ಒಪ್ಪಿಗೆಯಾಗುವ ಮುಂಚೆ ಆ ಮನೆಯಲ್ಲಿ ಊಟ ಮಾಡಬಾರದು. ಉಂಡರೆ ಹೆಣ್ಣು ಕೊಟ್ಟಂತೆಯೇ ಲೆಕ್ಕ. ಮತ್ತು ಹೆಣ್ಣು ಜೊತೆಗೆ ಬರುವಂತಿಲ್ಲ.

“ಅಜ್ಜಿ, ಅಲ್ಲಿ ಸೇರೋಳು ನಾನು,” ಎಂದಳು ಮೇಘನಾ.

“ಅದ್ಕೇ ನೀನು ಬರಂಗಿಲ್ಲ.”

ನಿಯೋಗಕ್ಕೆ ಅಜ್ಜಿ, ಅಪ್ಪ, ಅವ್ವ, ಮಾವ ಸೇರಿ ನಾಲ್ವರಾದರು. ಐದನೆಯವಳಾಗಿ ನನ್ನನ್ನು ಸೇರಿಸಿದರು. “ಭಾಗ್ಯ ಬರ್ಲಿ. ಮಾತಾಡಾಕಿಲ್ಲ, ಏನಾರ ಬರಕತಾಳೆ,” ಎಂದ ಅಪ್ಪ. ಯಾರಾದರೂ ನನಗೆ ಒಂದು ಕೆಲಸ ಒಪ್ಪಿಸಿ ಬಹಳ ದಿನವಾಗಿತ್ತು. ನಾನು ಹೊಸ ನೋಟ್‌ಬುಕ್ಕಿನಲ್ಲಿ ಮಾರ್ಜಿನ್ ಎಳೆದು, ಎರಡು ಕಡೆಗೂ ಎರಡು ಕಾಲಂ ಮಾಡಿ, ನಲವತ್ತೆರಡು ಪ್ರಶ್ನೆಗಳನ್ನು ಬರೆದುಕೊಂಡೆ.

ಹೊರಡುವ ಮುನ್ನ ಮೇಘನಾ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಕೈಯಲ್ಲಿ ಬಿಚ್ಚಿದ ಮಿಕ್ಸಿಯ ಮೋಟರು ಇತ್ತು. (ಮನೆಯಲ್ಲಿ ಕೆಟ್ಟದ್ದನ್ನೆಲ್ಲ ಅವಳೇ ರಿಪೇರಿ ಮಾಡುವುದು. ಕೆಡದೆ ಇರುವುದನ್ನೂ ಒಮ್ಮೊಮ್ಮೆ ಮಾಡುತ್ತಾಳೆ.) “ಅಕ್ಕ, ಮೇಲಿನದ್ರಲ್ಲಿ ಲ್ಯಾಬು ರಾತ್ರಿ ಎಂಟರವರೆಗೂ ತೆಗೆದಿರುತ್ತಂತೆ. ನಾವೇ ಹೋಗಿ ಏನ್ ಬೇಕಾದ್ರೂ ಬಿಚ್ಚಿ ಜೋಡಿಸಬಹುದಂತೆ. ನಂಗೆ ಅದೇ ಬೇಕು. ಹೆಂಗಾದ್ರೂ ಮಾಡಿ ಅಜ್ಜೀನ ಅದಕ್ಕೇ ಒಪ್ಸು. ನಿನ್ನನ್ನೇ ನಂಬಿದೀನಿ.”

ನಾನು ಆಗಲಿ ಎಂದು ಅವಳ ಕೈ ಮುಟ್ಟಿ ಹೇಳಿದೆ.

ಮಂಗಳವಾರ ಮಾವನ ಸ್ನೇಹಿತನ ಓಮ್ನಿಯಲ್ಲಿ ಮೇಲಿನದಕ್ಕೆ ಹೋದೆವು. ಅಜ್ಜಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು ಇಟ್ಟುಕೊಂಡಿದ್ದಳು. ಗೇಟಿನ ಸೆಕ್ಯುರಿಟಿಯವರಿಗೆ ಎರಡು ಹಣ್ಣು ಕೊಟ್ಟು, “ಮನೆತನ ಎಂಗಪ್ಪ, ಜಗಳಗಿಗಳ ಉಂಟಾ?” ಎಂದು ಕೇಳಿದಳು. ಅವರು ಹಣ್ಣನ್ನೂ ನಮ್ಮನ್ನೂ ನೋಡಿ ಗೇಟು ತೆಗೆದರು. ಒಳಗೆ ಎದುರಾದ ನಲ್ಲಿಗಳನ್ನೆಲ್ಲ ಅಜ್ಜಿ ತಿರುಗಿಸಿ ನೋಡಿದಳು. ಹದಿನೇಳು ನಲ್ಲಿಗಳು, ಹದಿನಾರರಲ್ಲಿ ನೀರು. ನಾನು ಬರೆದುಕೊಂಡೆ.

ಅಡ್ಮಿಶನ್ ಆಫೀಸಿನ ಸಾಹೇಬರು ಬಹಳ ನಯವಾಗಿ ಮಾತನಾಡಿದರು. ನೂರಕ್ಕೆ ತೊಂಬತ್ತೆರಡು ಮಕ್ಕಳಿಗೆ ಓದು ಮುಗಿಯುವ ಮುಂಚೆಯೇ ಕೆಲಸ ಸಿಗುತ್ತದೆ ಎಂದರು.

“ಮಿಕ್ಕಿದ ಎಂಟ್ ಜನ ಯಾವೂರೋರು?” ಎಂದಳು ಅಜ್ಜಿ.

ಸಾಹೇಬರಿಗೆ ಈ ಪ್ರಶ್ನೆ ಹೊಸದು.

“ಅವ್ರ ಅಡ್ರೆಸ್ ಕೊಡಿ ಸ್ವಾಮಿ. ಚೆನ್ನಾಗಿರೋರ್ ತಾವ ಏನ್ ಕೇಳದು. ಮನೆ ಸಂಗ್ತಿ ಕೇಳದಾದ್ರೆ ಬುಟ್‌ಬಂದ ಸೊಸೆ ತಾವ ಕೇಳ್ಬೇಕು.”

ಸಾಹೇಬರು ಬೆವರು ಒರೆಸಿಕೊಂಡು ನಮ್ಮನ್ನು ಹಾಸ್ಟೆಲಿನ ವಾರ್ಡನ್ನಿನ ಹತ್ತಿರ ಕಳಿಸಿದರು. ಆಕೆ ದಪ್ಪ ಕಾಲುಗಳ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಅಜ್ಜಿ ನೋಡಿದ ಕೂಡಲೇ ‘ಇವಳೇ ಅತ್ತೆ’ ಎಂದು ಗುರುತಿಸಿಬಿಟ್ಟಳು.

“ಎಷ್ಟ್ ಜನ ಉಡ್ಗೀರು ನಿಮ್ ಕೈ ಕೆಳಗೆ?”

“ನಾನೂರ ಇಪ್ಪತ್ತು.”

“ಶಿವನೇ. ನಾನು ಒಬ್ಳು ಸೊಸೆ ಇಟ್ಕಂಡೇ ಸೋತೋಗಿವ್ನಿ.”

“ಸೋತೋರು ಯಾರು ಅಂತ ಊರ್‌ಗೇ ಗೊತ್ತು,” ಎಂದು ಅವ್ವ ಗೋಡೆಯ ಕಡೆ ತಿರುಗಿ ಹೇಳಿದಳು.

ವಾರ್ಡನ್ ಊಟ ಮಾಡಿಕೊಂಡು ಹೋಗಿ ಎಂದು ಬಲವಂತ ಮಾಡಿದರು. ಐವರೂ ಒಟ್ಟಿಗೆ ಬೇಡ ಎಂದೆವು. ದಾರಿಯಲ್ಲಿ ಅಜ್ಜಿ, “ಮನೆ ಪರ್ವಾಗಿಲ್ಲ. ಇನ್ನೊಂದ್ನೂ ನೋಡ್ಬುಡನ,” ಎಂದಳು. ನಾನು ಸಂತೋಷದಿಂದ ‘ಮೇಲಿನದು’ ಕಾಲಂನಲ್ಲಿ ಲ್ಯಾಬಿನ ಮುಂದೆ ಎರಡು ಟಿಕ್ ಹಾಕಿದೆ.

ಬುಧವಾರ ಕೆಳಗಿನದಕ್ಕೆ ಹೊರಟೆವು. ಚಾಮರಾಜನಗರ ದಾಟಿ, ಹಾಸನೂರು ದಾಟಿ, ದಿಂಬಂ ಬಂತು. ಆ ಘಟ್ಟದಲ್ಲಿ ಇಪ್ಪತ್ತೇಳು ತಿರುವುಗಳಿವೆ. ನಾನು ಇಪ್ಪತ್ತೇಳನ್ನೂ ಎಣಿಸಿದ್ದೇನೆ, ಏಕೆಂದರೆ ಒಂಬತ್ತನೆಯದರಲ್ಲಿ, ಹದಿನಾಲ್ಕನೆಯದರಲ್ಲಿ ಮತ್ತು ಇಪ್ಪತ್ತೆರಡನೆಯದರಲ್ಲಿ ನನಗಾಗಿ ಗಾಡಿ ನಿಲ್ಲಿಸಿದರು. ಬೆಳಗಿನ ಇಡ್ಲಿ, ಹಿಂದಿನ ದಿನದ ಮುದ್ದೆ, ಎಲ್ಲ ಘಟ್ಟದ ಪಾಲಾಯಿತು. ಕೆಳಗಿನ ವಿಶ್ವವಿದ್ಯಾಲಯದ ಗೇಟಿನಲ್ಲಿ ಇಳಿದಾಗ ಒಂದೂವರೆ ಗಂಟೆ. ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಅಪ್ಪನೂ ಮಾವನೂ ಲ್ಯಾಬು ನೋಡಲು ಹೋದರು. (ಬೀಗ ಹಾಕಿತ್ತು. ಕಿಟಕಿಯಿಂದ ನೋಡಿ ಬಂದರು. ಮಾವ, “ನೋಡಿ ಭಾವ, ಒಂದ್ ಚೂರು ಧೂಳಿಲ್ಲ,” ಎಂದನಂತೆ.) ಅಜ್ಜಿಯೂ ಅವ್ವನೂ ಎದುರಿನ ಟೀ ಅಂಗಡಿಯಾಕೆಯ ಹತ್ತಿರ ಮನೆತನ ವಿಚಾರಿಸಲು ಹೋದರು. ನಾನು ನೋಟ್‌ಬುಕ್ ತೆರೆದು ನೋಡಿದೆ. ಮೂವತ್ತೊಂದನೆಯ ಪ್ರಶ್ನೆ: ‘ಊಟ ಹೇಗಿದೆ?’

ನೋಡದೆ ಬರೆಯುವುದು ಸರಿಯಲ್ಲ ಎನಿಸಿತು. ಊಟದ ಮನೆಯ ಬಾಗಿಲಲ್ಲಿ ನಿಂತು ದೂರದಿಂದಲೇ ನೋಡುವುದು ನನ್ನ ಉದ್ದೇಶ, ಇದನ್ನು ನಂಬಬೇಕು. ಅಷ್ಟರಲ್ಲಿ ಬಡಿಸುವ ಒಬ್ಬ ದೊಡ್ಡಮ್ಮ ನನ್ನ ಬಾಡಿದ ಮುಖ ನೋಡಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಅಂದು ನೋಡಲು ಬಂದವರಿಗೆಂದು ಬಾಳೆಲೆ ಹಾಕಿದ್ದರು. “ಸಾಪ್ಪಿಡು ಕಣ್ಣು,” ಎಂದು (ಉಣ್ಣು ಕಂದ ಎಂದಿರಬೇಕು) ಅನ್ನ ಬಡಿಸಿದರು. ಬೇಡ ಎನ್ನಲು ನನಗೆ ತಮಿಳು ಬರುವುದಿಲ್ಲ. ಸಾಕು ಎನ್ನಲು ‘ಪೋದುಂ’ ಎನ್ನಬೇಕೆಂದು ನೆನಪಾದದ್ದು ಮೂರನೆಯ ಸಲ ಅನ್ನ ಹಾಕಿ, ಪಾಯಸವೂ ಬಂದ ಮೇಲೆ. ಹುಳಿ ಎಷ್ಟು ಚೆನ್ನಾಗಿತ್ತೆಂದರೆ, ಮೂವತ್ತೊಂದನೆಯ ಪ್ರಶ್ನೆಯ ಮುಂದೆ ಎಡಗೈಯಲ್ಲೇ ‘ಬಹಳ ಚೆನ್ನಾಗಿದೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

ತಲೆ ಎತ್ತಿದಾಗ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

“ಉಂಡ್‌ಬುಟ್ಟಾ ಕಣಮ್ಮಿ?”

“ರುಚಿ ನೋಡ್ದೆ ಅಜ್ಜಿ. ಬರಕಳಕ್ಕೆ.”

“ಎಲೆ ಮಡಚಿದ್ದೀಯಲ್ಲ. ಯಾವ ಕಡೀಕ್ ಮಡಚ್ದೆ?”

ಎಲೆಯನ್ನು ನಮ್ಮ ಕಡೆಗೆ ಮಡಚಿದರೆ ಊಟ ತೃಪ್ತಿಯಾಯಿತು, ನೆಂಟಸ್ತನ ಬೆಳೆಯಲಿ ಎಂದು ಅರ್ಥ. ಆಚೆಗೆ ಮಡಚುವುದು ತಿಥಿಯ ಊಟದಲ್ಲಿ. ಇದನ್ನು ಚಿಕ್ಕಂದಿನಲ್ಲಿ ನನಗೆ ಕಲಿಸಿದವಳು ಅಜ್ಜಿಯೇ. ನಾನು ಎಲೆಯನ್ನು ನನ್ನ ಕಡೆಗೇ, ಅಂಚಿಗೆ ಅಂಚು ಸರಿಯಾಗಿ ಕೂರಿಸಿ ಮಡಚಿದ್ದೆ. ಅಜ್ಜಿ ಅದನ್ನು ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟಳು.

“ಆಯ್ತು ಬುಡು. ಹೆಣ್ ಕೊಟ್ಟಾಯ್ತು.”

ಮಾವ ಆ ಸಂತೋಷಕ್ಕೆ ವಾಪಸು ಬರುವಾಗ ಇಪ್ಪತ್ತೇಳು ತಿರುವಿನಲ್ಲೂ ಹಾರ್ನ್ ಹೊಡೆದ. ಅಪ್ಪ ಹಾಸನೂರು ದಾಟಿದ ಮೇಲೆ, “ಮಾತಾಡಾಕಿಲ್ಲ ಅಂತ ಕರ್ಕಂಡೋದೆ. ಉಣ್ತಳ ಅಂತ ಗೊತ್ತಿರ್ನಿಲ್ಲ,” ಎಂದ.

ಮೇಘನಾ ಅಳಲಿಲ್ಲ, ಬೈಯಲೂ ಇಲ್ಲ. “ನಿಂಗೆ ಒಂದೊತ್ತಿನ ಹಸಿವು ಅಕ್ಕ, ನಂಗೆ ನಾಲ್ಕು ವರ್ಷ,” ಎಂದಳು. ಅಷ್ಟು ಹೇಳಿ, ಬಿಚ್ಚಿದ ಮಿಕ್ಸಿಯನ್ನು ಬಿಚ್ಚಿದ ಹಾಗೇ ಜಗಲಿಯ ಮೇಲೆ ಬಿಟ್ಟು ಒಳಗೆ ಹೋದಳು. ಗುರುವಾರ ಬೆಳಗಿನ ಚಟ್ನಿಯನ್ನೂ ಸಂಜೆಯ ಖಾರವನ್ನೂ ನಾನೇ ಒರಳಿನಲ್ಲಿ ರುಬ್ಬಿದೆ. ಯಾರೂ ರುಬ್ಬು ಎಂದು ಹೇಳಲಿಲ್ಲ. ರುಬ್ಬುತ್ತಲೇ ಯೋಚನೆ ಮಾಡಿದೆ. ನಾನು ಕೈ ಮುಟ್ಟಿ ಮಾತು ಕೊಟ್ಟಿದ್ದೆ. ಪರೀಕ್ಷೆಯಲ್ಲಿ ಕೆಟ್ಟದ್ದು ನನ್ನದೊಂದೇ ಕೆಲಸ. ಈಗ ಕೆಟ್ಟದ್ದು ಅವಳದು.

ಶುಕ್ರವಾರ ನಾಲ್ಕು ಗಂಟೆಗೆ ಎಲ್ಲರೂ ಜಗಲಿಯಲ್ಲಿ ಸೇರಿದರು. ಮೇಘನಾ ಫೋನು ಹಿಡಿದು ಕಂಬಕ್ಕೆ ಒರಗಿದ್ದಳು. ಮಾವ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ನಾನು ನೋಟ್‌ಬುಕ್ ಹಿಡಿದು ಎದ್ದು ನಿಂತೆ. ಅಷ್ಟು ಜನರ ಮುಂದೆ ನಾನು ಮಾತನಾಡಿದ್ದು ಅದೇ ಮೊದಲು. ಹೇಳಬೇಕಾದದ್ದನ್ನು ಆರು ಅಂಶಗಳಲ್ಲಿ ಬರೆದುಕೊಂಡಿದ್ದೆ, ಅದನ್ನೇ ಓದಿದೆ.

“ಒಂದು. ಉಂಡರೆ ಒಪ್ಪಿದಂತೆ ಎಂಬ ಶಾಸ್ತ್ರವನ್ನು ನಾವೆಲ್ಲರೂ ಮಾನ್ಯ ಮಾಡುತ್ತೇವೆ. ಎರಡು. ಕೆಳಗಿನ ಮನೆಯಲ್ಲಿ ಮೇಘನಾ ಉಂಡಿಲ್ಲ. ಮೂರು. ಆಕೆಯ ತಂದೆ ಉಂಡಿಲ್ಲ. ನಾಲ್ಕು. ತಾಯಿ, ಅಜ್ಜಿ, ಸೋದರಮಾವ ಉಂಡಿಲ್ಲ. ಐದು. ಉಂಡವಳು ಭಾಗ್ಯ ಒಬ್ಬಳೇ, ಎಲೆ ಮಡಚಿದವಳೂ ಅವಳೇ. ಆರು. ಆದ್ದರಿಂದ ಆ ಒಪ್ಪಿಗೆ ಭಾಗ್ಯಳಿಗೆ ಸೇರಿದ್ದೇ ಹೊರತು ಮೇಘನಾಗೆ ಸೇರಿದ್ದಲ್ಲ.”

ಅಜ್ಜಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹಾಕಿಕೊಂಡಳು.

“ಸರ್ಯಾಗೇಳ್ದೆ ಕಣಮ್ಮಿ. ಮೇಘನಾ ಮೇಲಿನದ್ಕೇ ಓಗ್ಲಿ.”

ಅಜ್ಜಿಯ ಮಾತು ಮುಗಿಯುವ ಮುಂಚೆಯೇ ಮೇಘನಾ ಫೋನು ಒತ್ತಿಯಾಗಿತ್ತು. ಅವಳು ಓಡಿ ಬಂದು ನನ್ನನ್ನು ಎತ್ತಿ ತಿರುಗಿಸಿದಳು. ಅಪ್ಪ, “ಭೇಷ್, ಲಾಯರ್ ಆಗ್ಬೇಕಿತ್ತು ನೀನು,” ಎಂದ. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಗಳಿಗೆ ಇನ್ನೊಂದಿಲ್ಲ. ಅದು ಒಂದು ಗಳಿಗೆಯೇ ಇದ್ದದ್ದು.

“ಲಾಯರ್ ಯಾಕಾಗ್ತಳ,” ಎಂದಳು ಅಜ್ಜಿ. “ಎಂಜಿನಿಯರ್ ಆಯ್ತಳ. ಕೆಳಗಿನ ಮನೇಗ್ ಇವಳ್ನ ಕೊಟ್ಟಾಯ್ತಲ್ಲ. ಐದ್ನೇದು ಇನ್ನೊಂದಪ ಓದಮ್ಮಿ.”

ನಾನು ಐದನೆಯದನ್ನು ಇನ್ನೊಂದು ಸಲ ಓದಿದೆ. ಅದರಲ್ಲಿ ಯಾವ ತಪ್ಪೂ ಇರಲಿಲ್ಲ.

“ಅಜ್ಜಿ, ನಾನು ಪಿಯುಸಿನೇ ಪಾಸಾಗಿಲ್ಲ.”

“ಅಂಗಾರೆ ಆಗು. ಟೀ ಅಂಗ್ಡಿಯವ್ಳು ಏಳಿದ್ಲು, ಅವ್ರು ಪ್ರತಿ ವರ್ಸಾನೂ ಮಕ್ಕಳ್ನ ತಕತಾರಂತೆ. ಕಾಯ್ತಾರೆ ಬುಡು, ಒಳ್ಳೆ ಮನೆತನ.”

“ನನ್ ಮಾತು ಉಳೀತು,” ಎಂದು ಮಾವ ಮೀಸೆ ತಿರುವಿದ. ಒಬ್ಬಳಾದರೂ ಕೆಳಗಿನದಕ್ಕೆ ಹೋದರೆ ಅವನ ಪಕ್ಷ ಗೆದ್ದಂತೆಯೇ. ಅವ್ವ ಒಳಗೆ ಹೋಗಿ, ಒಂದೂವರೆ ವರ್ಷದಿಂದ ಅಟ್ಟದ ಮೇಲಿದ್ದ ನನ್ನ ಕಾಲೇಜಿನ ಬ್ಯಾಗನ್ನು ತಂದು ಎದುರಿಗಿಟ್ಟಳು. ಅದರಲ್ಲಿ ಒಂದು ಚೂರೂ ಧೂಳಿರಲಿಲ್ಲ. ಯಾರೋ ಆಗಲೇ ಒರೆಸಿ ಇಟ್ಟಿದ್ದರು. ಮೇಘನಾ ಮಿಕ್ಸಿ ಜೋಡಿಸಲು ಕುಳಿತಳು.

ನಾಳೆ ಎಂಟೂವರೆಯ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ, ನಾನು ಬಿಟ್ಟ ಕಾಲೇಜಿನಿಂದ ಗಣಿತಕ್ಕೂ ಫಿಸಿಕ್ಸಿಗೂ ಮರುಪರೀಕ್ಷೆಯ ಅರ್ಜಿ ತರುತ್ತೇನೆ. ಈ ಸಲ ಮಾರ್ಜಿನ್ ಎಳೆಯುವುದಿಲ್ಲ.