ಮೊದಲ ಸರದಿಗೆ ಓಟಗಾರನೇ ಬೇಕೆ?

ಎದುರಿಗಿದ್ದವರು ಏನು ಹೇಳಿದರೂ ತಲೆಯಾಡಿಸುವುದು ಕೆಲವರಿಗೆ ಸೌಜನ್ಯ, ಕೆಲವರಿಗೆ ಜಾಣತನ. ನನ್ನ ವಿಷಯದಲ್ಲಿ ಮಾತ್ರ ಅದು ಕತ್ತಿನ ಮೂಳೆಯ ದೋಷವಿರಬೇಕೆಂದು ನನ್ನ ಹೆಂಡತಿ ವಿಮಲಾ ನಂಬಿದ್ದಾಳೆ. ಚಿತ್ರದುರ್ಗದವನಾದ ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ವಿಶಾಖಪಟ್ಟಣಕ್ಕೆ ಬಂದೆ. ಆಮೇಲೆ ಮಗಳ ಶಾಲೆ, ಮಗಳ ಕಾಲೇಜು ಎಂದು ನೆಪ ಹೇಳುತ್ತ ಅಲ್ಲೇ ಸುತ್ತಮುತ್ತಲ ಶಾಖೆಗಳಲ್ಲಿ ತಿರುಗಾಡಿ ಈಗ ದ್ವಾರಕಾ ನಗರದಲ್ಲಿ ಮ್ಯಾನೇಜರ್ ಆಗಿ ಕೂತಿದ್ದೇನೆ. ಇಷ್ಟು ಕಾಲದಲ್ಲಿ ನಾನು ಪೂರ್ತಿ ಕರಗತ ಮಾಡಿಕೊಂಡ ತೆಲುಗು ಪದ ಒಂದೇ: 'ಅವುನಂಡಿ'. ಹೌದು ಸ್ವಾಮಿ ಅಂತ ಅರ್ಥ. ಈ ಒಂದು ಪದದಲ್ಲಿ ಒಂದು ಶಾಖೆಯನ್ನೇ ನಡೆಸಬಹುದು. ಗ್ರಾಹಕರು ಬೈದರೂ ಅವುನಂಡಿ, ಮೇಲಧಿಕಾರಿ ಬೈದರೂ ಅವುನಂಡಿ. ಇಬ್ಬರೂ ಒಂದೇ ದಿನ ತದ್ವಿರುದ್ಧವಾಗಿ ಬೈದರೂ ನನಗೆ ತೊಂದರೆಯಿಲ್ಲ. ಮನೆಯ ಕಡೆ ಬಂದರೆ ಮಾತ್ರ ಸ್ವಲ್ಪ ಕಷ್ಟ. ಒಮ್ಮೆ ಅನಕಾಪಲ್ಲಿಗೆ ಹೋಗಿದ್ದಾಗ ಹಬ್ಬಕ್ಕೆಂದು ಒಂದು ಅಚ್ಚು ಬೆಲ್ಲ ತರಲು ಮಾರುಕಟ್ಟೆಗೆ ನುಗ್ಗಿದೆ. ವ್ಯಾಪಾರಿ ಕಪ್ಪು ಬೆಲ್ಲವೇ ಪಾಯಸಕ್ಕೆ ರುಚಿ ಅಂದ, ಅವುನಂಡಿ ಅಂದೆ. ದೊಡ್ಡ ಸಂಸಾರಕ್ಕೆ ಒಂದು ಬುಟ್ಟಿಯಾದರೂ ಬೇಕು ಅಂದ, ಅದಕ್ಕೂ ಅಂದೆ. ನಮ್ಮದು ಮೂರೇ ಜನರ ಸಂಸಾರ. ಆ ವರ್ಷ ನಮ್ಮ ಮನೆಯ ಇರುವೆಗಳು ಮೈ ಕೈ ತುಂಬಿಕೊಂಡು ಬಹಳ ಚೆನ್ನಾಗಿದ್ದವು.

ಇಂಥ ನನಗೆ ಬೀಗರಾಗುವವರ ಮನೆಗೆ ಮದುವೆಯ ಮಾತುಕತೆಗೆ ಹೋಗುವ ಸಂದರ್ಭ ಬಂತು. ಮಗಳು ಮೇಘಾ ವಿಶಾಖಪಟ್ಟಣದಲ್ಲಿ ಅಮೆರಿಕದ ಒಂದು ಕಂಪನಿಯ ಲೆಕ್ಕಪತ್ರ ನೋಡುವ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಪಕ್ಕದ ಮೇಜಿನಲ್ಲಿ ಕೂರುವ ಹುಡುಗ ಕಿರಣ್, ವಿಜಯವಾಡದವನು. ಇಬ್ಬರೂ ಹತ್ತಿರವಾದದ್ದು ಜಗಳವಾಡಿಕೊಂಡು, ಅದೂ ಅಮೆರಿಕದವರ ಫುಟ್‌ಬಾಲಿನ ಬಗ್ಗೆ. ಅವರ ಅಮೆರಿಕದ ಸಾಹೇಬರಿಗೆ ತಮ್ಮ ಊರಿನ ತಂಡವೆಂದರೆ ಪ್ರಾಣವಂತೆ. ತಂಡ ಸೋತ ವಾರ ಲೆಕ್ಕದಲ್ಲಿ ತಪ್ಪು ಹುಡುಕುತ್ತಾರೆ, ಗೆದ್ದ ವಾರ ತಪ್ಪಿದ್ದರೂ ಕಾಣುವುದಿಲ್ಲ. ಹಾಗಾಗಿ ಇಲ್ಲಿಯ ಇಡೀ ಆಫೀಸು ಆ ನೀಲಿ ಅಂಗಿಯ ತಂಡಕ್ಕಾಗಿ ಹರಕೆ ಹೊರುವ ಸ್ಥಿತಿಯಲ್ಲಿತ್ತು. ಅದಕ್ಕೆ ಫುಟ್‌ಬಾಲ್ ಅಂತ ಹೆಸರು ಯಾಕೋ ನನಗೆ ತಿಳಿಯದು. ಚೆಂಡಿಗೂ ಕಾಲಿಗೂ ಅಲ್ಲಿ ಹೆಚ್ಚಿನ ಸಂಬಂಧವಿಲ್ಲ. ಪರಂಗಿಹಣ್ಣಿನ ಆಕಾರದ ಚೆಂಡನ್ನು ಒಬ್ಬ ಎದೆಗವಚಿಕೊಂಡು ಓಡುತ್ತಾನೆ. ಅವನ ಮುಂದೆ ಬೀರುವಿನಂಥ ಐದಾರು ಜನ ನಿಂತು ಎದುರಿನ ಬೀರುಗಳಿಗೆ ಡಿಕ್ಕಿ ಹೊಡೆದು ದಾರಿ ಬಿಡಿಸುತ್ತಾರೆ. ಪ್ರತಿ ವರ್ಷ ಏಪ್ರಿಲಿನಲ್ಲಿ ತಂಡಗಳೆಲ್ಲ ಸರದಿಯ ಮೇಲೆ ಕಾಲೇಜಿನಿಂದ ಹೊರಬರುವ ಹುಡುಗರನ್ನು ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನ ಸರದಿ ಬಂಗಾರದಂಥದ್ದು. ಅದನ್ನು ಚೆಂಡು ಹೊತ್ತು ಓಡುವ ಓಟಗಾರನಿಗೆ ಕೊಡಬೇಕೋ ಬೇಡವೋ ಎಂಬುದೇ ಇವರಿಬ್ಬರ ವ್ಯಾಜ್ಯ. ಕೊಡಲೇಬೇಕು ಅಂತ ಕಿರಣ್. ಕೊಟ್ಟರೆ ಕೆಟ್ಟಂತೆಯೇ ಅಂತ ಮೇಘಾ. ಅವಳು ಊಟದ ಹೊತ್ತಿಗೆ ಬಂದು ನನ್ನೆದುರು ವಾದ ಮಂಡಿಸುತ್ತಿದ್ದಳು, ನಾನು ಸಾರು ಕಲಸುತ್ತ ಒಪ್ಪುತ್ತಿದ್ದೆ. ಶನಿವಾರ ಕಿರಣ್ ಮನೆಗೆ ಬಂದರೆ ಅವನ ವಾದವನ್ನೂ ಒಪ್ಪುತ್ತಿದ್ದೆ. ಹುಡುಗ ನನ್ನನ್ನು ಬಹಳ ತಿಳಿದವರು ಅಂದುಕೊಂಡಿದ್ದ.

ಮದುವೆಯ ದಿನ ಗೊತ್ತುಮಾಡಲು ನಾವು ವಿಜಯವಾಡಕ್ಕೆ ಹೋದದ್ದೂ ಆ ಆಯ್ಕೆಯೂ ಒಟ್ಟಿಗೆ ಬಂದವು. ಅಲ್ಲಿ ಗುರುವಾರ ರಾತ್ರಿಯೆಂದರೆ ನಮಗೆ ಶುಕ್ರವಾರ ಬೆಳಗಿನ ಜಾವ. ರೈಲಿನಲ್ಲಿ ವಿಮಲಾ ನನಗೆ ಸೂಚನೆಗಳನ್ನು ಕೊಟ್ಟಳು. "ಬಿಸಿಲಿನ ಬಗ್ಗೆ ಮಾತಾಡಿ. ಮಾವಿನಕಾಯಿ ಬಗ್ಗೆ ಮಾತಾಡಿ. ಬೇರೆ ಏನೇ ಬಂದರೂ 'ಮನೆಯಲ್ಲಿ ಯೋಚಿಸಿ ಹೇಳ್ತೀವಿ' ಅನ್ನಿ." ನಾನು ಆಗಲಿ ಅಂದೆ. ಅವಳು ನಿಟ್ಟುಸಿರು ಬಿಟ್ಟು ಕಿಟಕಿಯ ಕಡೆ ತಿರುಗಿದಳು.

ಕಿರಣ್‌ನ ತಂದೆ ರತ್ನಂ ಗಾರು ಗವರ್ನರ್‌ಪೇಟೆಯಲ್ಲಿ ಫ್ಯಾನು, ಕೂಲರುಗಳ ಸಗಟು ವ್ಯಾಪಾರಿ. ಅವರ ತಾಯಿ ಬಳ್ಳಾರಿಯವರಾದ್ದರಿಂದ ಕನ್ನಡ ಬರುತ್ತದೆ. ಸಾಲಿಗೊಂದು ತೆಲುಗು ಪದ ಹಾಕಿ ಒಗ್ಗರಣೆ ಕೊಟ್ಟ ಹಾಗೆ ಮಾತಾಡುತ್ತಾರೆ. ಏಪ್ರಿಲ್ ತಿಂಗಳ ವಿಜಯವಾಡದಲ್ಲಿ ಕೂಲರ್ ಮಾರುವವರಿಗಿಂತ ಸುಖಿಗಳು ಯಾರೂ ಇರಲಾರರು. ಊರೆಲ್ಲ ಬೇಯುತ್ತಿದ್ದರೆ ಅವರ ಮುಖ ಅರಳಿತ್ತು. ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಯೌವನದಲ್ಲಿ ಕಬಡ್ಡಿಯಲ್ಲಿ ಎದುರಾಳಿಗಳ ಅಂಗಳಕ್ಕೆ ನುಗ್ಗಿ ಬರುವುದರಲ್ಲಿ ಜಿಲ್ಲೆಗೇ ಹೆಸರುವಾಸಿಯಾಗಿದ್ದರಂತೆ. ಆಗ ಹೋದ ಮೊಣಕಾಲು ಇನ್ನೂ ಸರಿಹೋಗಿಲ್ಲ. ಅವರ ಹೆಂಡತಿ ಸುಶೀಲಮ್ಮ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಂದು, ನಮಗೆ ನಮಸ್ಕಾರ ಹೇಳಿ, ವಿಮಲಾಳ ಹತ್ತಿರ ಉಪ್ಪಿನಕಾಯಿಯ ವಿಚಾರ ಮಾತಾಡುತ್ತಲೇ ಗಂಡನ ಮಂಡಿ ತಿಕ್ಕತೊಡಗಿದರು.

ಮಾತು ಬಿಸಿಲಿನಲ್ಲಿ ಶುರುವಾಗಿ ಮಾವಿನಕಾಯಿಗೆ ಬಂದು ಸುರಕ್ಷಿತವಾಗಿ ಸಾಗುತ್ತಿತ್ತು. ಅಷ್ಟರಲ್ಲಿ ಮಾತುಕತೆಗೆಂದು ಊರಿಗೆ ಬಂದಿದ್ದ ಕಿರಣ್ ಬೆಳಿಗ್ಗೆ ಬೇಗ ಏಳಬೇಕು, ಆಯ್ಕೆ ಇದೆ ಅಂದ. ರತ್ನಂ ಗಾರಿಗೆ ಮಗ ಮೊದಲೇ ಎಲ್ಲ ಹೇಳಿದ್ದನೆಂದು ಕಾಣುತ್ತದೆ. "ಚೂಡಂಡಿ ಬಾವಗಾರು," ಅಂದರು. ಚೂಡಂಡಿ ಎಂದರೆ ನೋಡಿ, ಬಾವಗಾರು ಎಂದರೆ ನಾನೇ, ಬೀಗರನ್ನು ಅಲ್ಲಿ ಹಾಗೆ ಕರೆಯುತ್ತಾರೆ. "ಯಾವ ಆಟವಾದರೂ ಒಂದೇ. ಒಳಗೆ ನುಗ್ಗಿ ತರೋನು ಒಬ್ಬ, ಸುತ್ತ ನಿಂತು ತಳ್ಳಾಡೋರು ಉಳಿದವರು. ಮೊದಲ ಸರದಿ ನುಗ್ಗೋನಿಗೆ ಅಲ್ಲದೆ ಇನ್ನಾರಿಗೆ?"

"ಅವುನಂಡಿ," ಅಂದೆ.

ಮೇಘಾ ನನ್ನನ್ನು ನೋಡಿದಳು. "ಅಂಕಲ್, ಮುಂದಿನವರು ದಾರಿ ಬಿಡಿಸದೆ ಇದ್ದರೆ ಅವನು ಎಲ್ಲಿ ನುಗ್ಗೋದು?" ಅಂದಳು. "ಆ ಓಟಗಾರರಿಗೆ ಸಿಕ್ಕಸಿಕ್ಕವರೆಲ್ಲ ಬಂದು ಗುದ್ದುತ್ತಾರೆ. ನಾಲ್ಕೈದು ವರ್ಷಕ್ಕೆ ಮೊಣಕಾಲು ಹೋಗುತ್ತೆ, ತಂಡದವರು ಕಳಿಸಿಬಿಡ್ತಾರೆ. ದಾರಿ ಬಿಡಿಸೋನು ಹತ್ತು ವರ್ಷ ನಿಲ್ತಾನೆ. ಓಟಗಾರ ಬೇಕಂದ್ರೆ ಮೂರನೇ ಸುತ್ತಲ್ಲೂ ಸಿಗ್ತಾನೆ. ಅಲ್ವಾ ಅಪ್ಪಾ?"

"ಅದೂ ಹೌದು," ಅಂದೆ.

ಕಿರಣ್ ಬಿಡಲಿಲ್ಲ. "ಒಳ್ಳೆ ಓಟಗಾರ ಇದ್ದರೆ ಎದುರಿನವರ ಕಣ್ಣೆಲ್ಲ ಅವನ ಮೇಲೆ ಇರುತ್ತೆ ಅಂಕಲ್. ಆಗ ಚೆಂಡು ಎಸೆಯೋನಿಗೆ ಆರಾಮ. ಇಡೀ ತಂಡಕ್ಕೇ ಲಾಭ." ನಾನು ಅವನ ಕಡೆಗೂ ತಲೆಯಾಡಿಸಿದೆ. ಸುಶೀಲಮ್ಮ ಎಣ್ಣೆಯ ಕೈಯನ್ನು ಮಂಡಿಯ ಮೇಲೇ ಇಟ್ಟುಕೊಂಡು, "ಅಣ್ಣಯ್ಯಗಾರು, ಇವರು ಓಡಿದ್ದು ನಾಲ್ಕು ವರ್ಷ. ನಾನು ತಿಕ್ಕೋಕೆ ಶುರು ಮಾಡಿ ಮದುವೆ ಆದಷ್ಟೇ ವರ್ಷ ಆಯ್ತು. ಹುಡುಗಿ ಹೇಳೋದೇ ಸರಿ," ಅಂದರು. ನಾನು ಅದಕ್ಕೂ ಅವುನಂಡಿ ಅಂದುಬಿಟ್ಟೆ. ರತ್ನಂ ಗಾರು ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದರು. ವಿಮಲಾ ನನ್ನ ಕಡೆ ನೋಡದೆ ಮಾವಿನಕಾಯಿಗೆ ಎಷ್ಟು ಸಾಸಿವೆಪುಡಿ ಹಾಕುತ್ತೀರಿ ಅಂತ ಗಟ್ಟಿಯಾಗಿ ಕೇಳಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುವ ಅಗತ್ಯವಿರಲಿಲ್ಲ. ರತ್ನಂ ಗಾರು ಇದ್ದಕ್ಕಿದ್ದಂತೆ, "ಬಾವಗಾರು, ಇನ್ನೊಂದು ಮಾತು. ಮದುವೆ ಆದಮೇಲೆ ಇಬ್ಬರೂ ಇಲ್ಲಿಗೇ ಬಂದುಬಿಡಲಿ. ಮೇಘಾ ಆ ಕೆಲಸ ಬಿಟ್ಟು ನಮ್ಮ ಅಂಗಡಿ ವ್ಯವಹಾರ ನೋಡ್ಕೋಬಹುದು. ಏನಂತೀರಿ?" ಅಂದರು. ಇಷ್ಟು ಹೊತ್ತು ನಾಲ್ಕು ದಿಕ್ಕಿಗೂ ಅಲ್ಲಾಡಿ ಸಲೀಸಾಗಿದ್ದ ನನ್ನ ಕತ್ತು, ಬುದ್ಧಿ ಬರುವುದರೊಳಗೆ ಕೆಲಸ ಮುಗಿಸಿತ್ತು. "ಅವುನಂಡಿ" ಎಂಬ ಶಬ್ದ ನನ್ನ ಬಾಯಿಂದ ಬಂದದ್ದು ನನ್ನ ಕಿವಿಗೇ ಕೇಳಿಸಿತು. ವಿಮಲಾಳ ಸಾಸಿವೆ ಪ್ರಶ್ನೆಗಳು ನಿಂತವು. ಮೇಘಾ ಎದ್ದು ಮಹಡಿಗೆ ಹೋದಳು. ಕಿರಣ್ ಬಾಯಿ ತೆರೆದ, ಅಪ್ಪನ ಮುಖ ನೋಡಿದ, ಮುಚ್ಚಿದ. ಈ ಹುಡುಗ ಮುಂದೆ ನನ್ನಂತೆಯೇ ಆಗುತ್ತಾನೆಂದು ನನಗೆ ಆಗಲೇ ಅನ್ನಿಸಿತು.

ಮಹಡಿಯ ಮೇಲೆ ಸಂಜೆಯಾದರೂ ಹೆಂಚಿನಂತೆ ಸುಡುತ್ತಿತ್ತು. ಮಗಳಿಗೆ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ, ತೆಲುಗಿಗೆ ಹೊರಟುಬಿಡುತ್ತಾಳೆ. ಆವತ್ತು ಮಾತ್ರ ಒಂದೊಂದೇ ಪದ ಹುಡುಕಿ ಕನ್ನಡದಲ್ಲೇ ಆಡಿದಳು. ಅದರಿಂದ ನನಗೆ ಹೆಚ್ಚು ಭಯವಾಯಿತು.

"ಅಪ್ಪಾ, ಫುಟ್‌ಬಾಲ್ ವಿಷಯಕ್ಕೆ ನೀವು ಎಲ್ಲರಿಗೂ ಹೌದು ಅನ್ನಿ, ನಗು ಬರುತ್ತೆ. ನನ್ನ ಕೆಲಸಾನೂ ಹಾಗೇನಾ? ಆ ಕೆಲಸಕ್ಕೆ ಸೇರೋಕೆ ನಾನು ಎಷ್ಟು ಒದ್ದಾಡಿದೆ ಅಂತ ನಿಮಗೆ ಗೊತ್ತು. ನನ್ನ ಪರವಾಗಿ ಒಂದು ಸಲ ಬೇಡ ಅನ್ನೋಕೆ ಆಗಲ್ವಾ?"

"ನೀನೇ ಹೇಳಬಹುದಿತ್ತಲ್ಲಮ್ಮ," ಅಂದೆ.

"ನಾನು ಹೇಳ್ತೀನಿ. ಆದ್ರೆ ನಾನು ಹೇಳೋಕೆ ಮುಂಚೆ ನೀವು ಒಪ್ಪಿಬಿಟ್ರಲ್ಲ. ಈಗ ನಾನು ಬಾಯಿಬಿಟ್ಟರೆ ಅಪ್ಪನ ಮಾತು ಮೀರೋ ಹುಡುಗಿ ಆಗ್ತೀನಿ."

ಕೆಳಗೆ ಆಟೋಗಳು ಹಾರನ್ ಹೊಡೆಯುತ್ತಿದ್ದವು. ನಾನು ಅವಳು ಹೇಳಿದ್ದು ಸರಿ ಅಂತ ತಲೆಯಾಡಿಸಿದೆ. ಅವಳು "ಮತ್ತೆ ಅದೇ," ಅಂದು ಇಳಿದು ಹೋದಳು.

ಬೆಳಗಿನ ಜಾವ ನಾವೆಲ್ಲ ಟಿವಿಯ ಮುಂದೆ ಕೂತೆವು. ಯಾರೂ ಸರಿಯಾಗಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ಸುಶೀಲಮ್ಮ ಕಾಫಿ ತಂದರು. ಹೊಚ್ಚ ಹೊಸ ಕೂಲರೊಂದು ನಮ್ಮ ಮುಖಕ್ಕೆ ಗಾಳಿಯನ್ನೂ ಜೊತೆಗೆ ಸ್ವಲ್ಪ ನೀರನ್ನೂ ಎರಚುತ್ತಿತ್ತು. ತೆರೆಯ ಮೇಲೆ ಒಬ್ಬೊಬ್ಬ ದಾಂಡಿಗ ಹುಡುಗನೂ ಸೂಟು ಹಾಕಿಕೊಂಡು ಬಂದು, ತಾಯಿಯನ್ನು ತಬ್ಬಿ, ತನ್ನನ್ನು ಆರಿಸಿದ ತಂಡದ ಟೋಪಿ ಇಟ್ಟುಕೊಂಡು ಹೋಗುತ್ತಿದ್ದ. ಅಷ್ಟು ದೊಡ್ಡ ಮೈಯವರು ಅಳುವುದನ್ನು ನೋಡಿ ವಿಮಲಾ ಕಣ್ಣೊರೆಸಿಕೊಂಡಳು. ನೀಲಿ ಅಂಗಿಯವರ ಸರದಿ ಹತ್ತಿರ ಬಂದಂತೆ ಮೇಘಾ ಒಂದು ಕಡೆ, ಕಿರಣ್ ಒಂದು ಕಡೆ ಕುರ್ಚಿಯ ಅಂಚಿಗೆ ಸರಿದರು. ರತ್ನಂ ಗಾರು ಸ್ಟೂಲಿನ ಮೇಲಿನ ಕಾಲನ್ನು ಕೈಯಿಂದ ಬಿಗಿಹಿಡಿದಿದ್ದರು. ವೇದಿಕೆಗೆ ಬಂದವನು ಏನೋ ಹೇಳಿದ, ಸಭೆಯಲ್ಲಿ ಗದ್ದಲವಾಯಿತು. ಕಿರಣ್‌ನ ಮುಖ ಸಪ್ಪಗಾಯಿತು.

"ಯಾರನ್ನ ತಗೊಂಡ್ರು?" ರತ್ನಂ ಗಾರು ಕೇಳಿದರು.

"ಯಾರನ್ನೂ ಇಲ್ಲ. ತಮ್ಮ ಸರದೀನೇ ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ರು. ಬದಲಿಗೆ ಮುಂದಿನ ಸುತ್ತಲ್ಲಿ ಎರಡು ಸರದಿ ಇಸ್ಕೊಂಡ್ರು," ಅಂದಳು ಮೇಘಾ.

ಆಗ ನನಗೆ ಏನಾಯಿತೋ, ಇಲ್ಲದ ಓಟಗಾರನಿಗಾಗಿ ಇಷ್ಟೊಂದು ಜನ ಇಷ್ಟೊಂದು ಗಟ್ಟಿಯಾಗಿ ನಿಲುವು ತೆಗೆದುಕೊಂಡರಲ್ಲ, ಕಣ್ಣೆದುರಿಗಿರುವ ಮಗಳಿಗಾಗಿ ನನಗೆ ಒಂದು ಮಾತು ಬರಲಿಲ್ಲವಲ್ಲ ಅನ್ನಿಸಿತು. ಲೋಟ ಕೆಳಗಿಟ್ಟು, "ರತ್ನಂ ಗಾರು, ನಿನ್ನೆ ನಾನು ಹೌದು ಅಂದದ್ದು ತಪ್ಪು. ಮೇಘಾ ಕೆಲಸ ಬಿಡೋದಿಲ್ಲ. ಅವಳಿಗೆ ಇಷ್ಟ ಇಲ್ಲ, ನನಗೂ ಇಷ್ಟ ಇಲ್ಲ. ಅವಳನ್ನ ಕೇಳದೆ ನಾನು ಒಪ್ಪಬಾರದಿತ್ತು," ಅಂದೆ.

ರತ್ನಂ ಗಾರು ಮತ್ತೆ ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದರು. ಸಂಬಂಧ ಮುರಿಯಿತು ಅಂದುಕೊಂಡೆ. ಅವರು ದೊಡ್ಡದಾಗಿ ಉಸಿರು ಬಿಟ್ಟು, "ಬದುಕಿಸಿದಿರಿ ಬಾವಗಾರು," ಅಂದರು. "ನಾನು ವ್ಯಾಪಾರದವನು. ಮೊದಲ ಮಾತು ಎತ್ತರಕ್ಕೇ ಹೇಳ್ತೀನಿ, ಎದುರಿನವರು ಇಳಿಸ್ತಾರೆ ಅಂತ. ನೀವು ತಕ್ಷಣ ಒಪ್ಪಿಬಿಟ್ಟಿರಿ. ಇಷ್ಟು ವರ್ಷದಲ್ಲಿ ನನಗೆ ಹಾಗೆ ಯಾರೂ ಮಾಡಿಲ್ಲ. ಹುಡುಗಿ ಕೆಲಸದಲ್ಲಿ ಏನಾದರೂ ತೊಂದರೆ ಇದೆಯಾ, ಇವರು ಮುಚ್ಚಿಡ್ತಿದ್ದಾರಾ ಅಂತ ರಾತ್ರಿಯೆಲ್ಲ ಯೋಚನೆ."

"ಅಂಗಡಿಯಲ್ಲಿ ಅವಳು ಕೂತರೆ ನೀವು ಎಲ್ಲಿ ಕೂರ್ತೀರಿ?" ಅಂದರು ಸುಶೀಲಮ್ಮ. ಆಮೇಲೆ ಮಗನ ಕಡೆ ತಿರುಗಿ, "ನಿನಗೆ ನಿನ್ನೆ ಬಾಯಿ ಇರಲಿಲ್ಲವೇನೋ? ಓಡೋರ ಪರವಾಗಿ ಅಷ್ಟು ಮಾತಾಡ್ತೀಯ, ಇವಳ ಪರವಾಗಿ ಒಂದು ಮಾತಾಡೋಕೆ ಏನಾಗಿತ್ತು?" ಅಂದರು. ಕಿರಣ್ ತಪ್ಪಾಯ್ತು ಅಂದ, ಅಮ್ಮನಿಗಲ್ಲ, ಮೇಘಾಳ ಕಡೆ ನೋಡಿ. ಮೇಘಾ ನೋಡೋಣ ಅಂದಳು. ಆದರೆ ಅವಳು ಬಂದು ನನ್ನ ಕುರ್ಚಿಯ ಕೈಮೇಲೆ ಕೂತಳು. ಹುಡುಗ ಹುಡುಗಿ ವಿಶಾಖಪಟ್ಟಣದಲ್ಲೇ ಇರುವುದೆಂದೂ, ಮದುವೆ ಬಿಸಿಲು ಇಳಿದ ಮೇಲೆ ಎಂದೂ ಇಡ್ಲಿ ತಿನ್ನುವುದರೊಳಗೆ ತೀರ್ಮಾನವಾಯಿತು. ಬಿಸಿಲು ಇಳಿದ ಮೇಲೆ ಎಂದು ಹೇಳಿದವರು ರತ್ನಂ ಗಾರೇ. ಕೂಲರ್ ಸೀಸನ್ನಿನಲ್ಲಿ ಮಗನ ಮದುವೆಗಾದರೂ ಅಂಗಡಿ ಮುಚ್ಚಲು ಅವರಿಗೆ ಮನಸ್ಸಿರಲಿಲ್ಲ.

ಮನೆಗೆ ಮರಳುವ ರೈಲಿನಲ್ಲಿ ನಾನು ಸೀಟಿನಲ್ಲಿ ಸ್ವಲ್ಪ ನೆಟ್ಟಗೇ ಕೂತಿದ್ದೆ. ಬಜ್ಜಿ ಮಾರುವವನಿಗೆ ಬೇಡ ಅಂದೆ. ಅವನು ಹೋದ ಮೇಲೆ ವಿಮಲಾ, "ನನಗೆ ಬೇಕಿತ್ತು," ಅಂದಳು. ನಿಲುವು ಇರುವ ಗಂಡಸಿಗೆ ಇಂಥವೆಲ್ಲ ಸಹಜವೆಂದು ಸಮಾಧಾನ ಮಾಡಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಎರಡನೆಯ ಸುತ್ತು ನಡೆಯಿತು. ನೀಲಿ ಅಂಗಿಯವರು ಅದರಲ್ಲಿ ಒಬ್ಬ ಓಟಗಾರನನ್ನು ಆರಿಸಿಕೊಂಡರು. ಹಲ್ಲುಜ್ಜುತ್ತಿದ್ದ ನನ್ನ ಬಳಿಗೆ ಮೇಘಾ ಓಡಿಬಂದು, "ನೋಡಿದ್ರಾ, ಓಟಗಾರನಿಗೆ ಮೊದಲ ಸುತ್ತು ಕೊಡಲೇ ಇಲ್ಲ, ನಾನು ಹೇಳಿದ್ದೇ ಆಯ್ತು," ಅಂದಳು. ಅದೇ ಹೊತ್ತಿಗೆ ವಿಜಯವಾಡದಿಂದ ರತ್ನಂ ಗಾರು ಫೋನ್ ಮಾಡಿ, "ಬಾವಗಾರು, ಕೊನೆಗೆ ತಗೊಂಡದ್ದು ಓಟಗಾರನನ್ನೇ ತಾನೆ? ನಾನು ಹೇಳಿದ್ದು ಗೆದ್ದಿತಾ ಇಲ್ಲವಾ, ನೀವೇ ತೀರ್ಪು ಕೊಡಿ," ಅಂದರು. ಮೇಘಾ ಫೋನಿನ ಸ್ಪೀಕರ್ ಒತ್ತಿ, ಕೈಕಟ್ಟಿ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಬಾಯಲ್ಲಿ ಪೇಸ್ಟಿದೆ ಎಂದು ಸನ್ನೆ ಮಾಡಿ ಬಚ್ಚಲಿನ ಬಾಗಿಲು ಹಾಕಿಕೊಂಡೆ. ಆವತ್ತು ನಾನು ಹಲ್ಲುಜ್ಜಿದಷ್ಟು ಹೊತ್ತು ನನ್ನ ಜೀವಮಾನದಲ್ಲೇ ಉಜ್ಜಿಲ್ಲ.