ಹನ್ನೊಂದು ಸಲ ಕೊಂದ ಕಾಕಾ

ನಮ್ಮ ಕಾಕಾ ನನ್ನನ್ನು ಹನ್ನೊಂದು ಸಲ ಕೊಂದಿದ್ದಾನೆ. ತನ್ನ ಪಕ್ಕದ ಮನೆಯ ಮಾಸ್ತರರನ್ನು ಹದಿನಾಲ್ಕು ಸಲ! ಇಷ್ಟಾದರೂ ನಾವಿಬ್ಬರೂ ಪ್ರತಿ ರವಿವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ, ಕೇಶ್ವಾಪುರದ ಅವನ ಮನೆಗೆ ಸಾಯಲು ಹೋಗುತ್ತಿದ್ದೆವು. ಇಂಥವರಿಗೆ ಏನನ್ನಬೇಕು?

ತಪ್ಪೆಲ್ಲ ರದ್ದಿ ಅಂಗಡಿಯದು. ತೊಂಬತ್ತರ ದಶಕದ ಕೊನೆಗೆ, ನಾನು ಕಾಲೇಜಿನಲ್ಲಿದ್ದಾಗ, ಕಾಕಾನಿಗೆ ಅಲ್ಲೊಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಟೇಬಲ್ ಸುತ್ತ ಕೂತು ಆಡುವ ಆಟ ಅದು. ಒಬ್ಬ ದೆವ್ವದ ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು, ಬದುಕುವುದೋ ಸಾಯುವುದೋ ದಾಳ ಹೇಳುತ್ತದೆ. ಅದರಲ್ಲಿದ್ದದ್ದು ಪರದೇಶದ ಕೋಟೆ, ರಕ್ತ ಕುಡಿಯುವ ದೊರೆ. ಕಾಕಾ ಆಫೀಸಿಗೆ ಒಂದು ವಾರ ರಜೆ ಹಾಕಿ ಎಲ್ಲವನ್ನೂ ನಮ್ಮ ಕಡೆಗೆ ಒಗ್ಗಿಸಿದ. ಕೋಟೆ ಹೋಗಿ ಉಪ್ಪಿನಬೆಟಗೇರಿಯಾಚೆ ಒಂದು ಪಾಳು ವಾಡೆ ಬಂತು. ದೊರೆ ಹೋಗಿ ಸಾಹುಕಾರ ಬಂದ. ರಕ್ತವನ್ನು ಚಹದ ಹಾಗೆ ಬಸಿಗೆ ಹಾಕಿ ಊದಿ ಊದಿ ಕುಡಿಯುವವನು! ಕಚ್ಚುವ ಮೊದಲು "ಊಟಾ ಆತೇನ್ರಿ?" ಎಂದು ಕೇಳುವಷ್ಟು ಮರ್ಯಾದಸ್ಥ.

ಒಂದು ಪಾತ್ರಕ್ಕೆ ಆರು ಹುಣಸೆ ಬೀಜ, ಅದೇ ಜೀವ. ಕಾಕಾ ಮೊರವನ್ನು ಅಡ್ಡ ನಿಲ್ಲಿಸಿ ಅದರ ಹಿಂದೆ ದಾಳ ಹಾಕುತ್ತಿದ್ದ. ಒಂದು ಬಿದ್ದರೆ ಒಂದು ಬೀಜ ಅವನ ಡಬ್ಬಿಗೆ ವಾಪಸ್. ಕೊನೆಯ ಬೀಜವೂ ಹೋದರೆ ಸಾವು. ಏಳನೆಯ ಬೀಜ ಕೇಳಿದರೆ, "ಬ್ರಹ್ಮ ಬಂದು ಕೇಳಿದ್ರೂ ಇಲ್ಲ!" ಆದರೆ ಸತ್ತವರಿಗೆ ಒಂದು ಗೌರವ ಇತ್ತು. ಉಳಿದವರೆಲ್ಲ ಎದ್ದು ನಿಂತು ಆ ಪಾತ್ರದ ಬಗ್ಗೆ ಎರಡೆರಡು ಒಳ್ಳೆಯ ಮಾತು ಹೇಳಬೇಕು.

ಮಾಸ್ತರರಿಗೆ ಆ ಗೌರವ ಸಿಕ್ಕಷ್ಟು ಯಾರಿಗೂ ಸಿಕ್ಕಿಲ್ಲ. ವಾಡೆಯ ಬಾಗಿಲಲ್ಲಿ ಸಾಹುಕಾರ "ಬರ್ರಿ, ಚಾ ಕುಡದು ಹೋಗ್ರಿ" ಅಂದನೋ ಇಲ್ಲವೋ, ಮಾಸ್ತರರು ಒಳಗೆ!

"ಮಾಸ್ತರ, ಅಂವಾ ರಕ್ತ ಕುಡಿಯಾಂವ ಅಂತ ಗೊತ್ತೈತಿಲ್ಲ?" ಎಂದು ನಾನು ಕೂಗಿಕೊಳ್ಳುತ್ತಿದ್ದೆ.

"ಗೊತ್ತೈತ್ರಿ. ಆದ್ರ ಇಷ್ಟು ಬಾಯಿ ತುಂಬ ಕರದ್ರ ಒಲ್ಲೆ ಅನ್ನೂದು ಹೆಂಗ?"

ಹದಿನಾಲ್ಕು ಸಲವೂ ಚಹಕ್ಕೇ ಸತ್ತರು.

ಮೂರು ವರ್ಷ ಸಾಯದೆ ಉಳಿದವಳು ಕಾಕಾನ ಹೆಂಡತಿ, ನಮ್ಮ ಕಾಕು, ಒಬ್ಬಳೇ. ಅವಳ ಪಾತ್ರ ವಾಡೆಯ ಅಡುಗೆಯ ಗಂಗವ್ವ. ಒಮ್ಮೆ ಬಾವಿಯಿಂದ ಹೆಣ್ಣು ದೆವ್ವವೊಂದು ಎದ್ದು ಬಂತು. ಕಾಕಾ ದನಿ ನಡುಗಿಸಿ ಅದನ್ನು ವರ್ಣಿಸುತ್ತಿದ್ದರೆ ಕಾಕು ತಡೆದಳು. "ಕೂದ್ಲಾ ಬಿಟ್ಕೊಂಡು ಅಡಿಗಿ ಮನ್ಯಾಗ ಬರಬ್ಯಾಡವಾ. ಕಟ್ಕೊಂಡು ಬಾ, ಬಳ್ಳೊಳ್ಳಿ ಸುಲಿ." ದಾಳ ಆರು ಬಿತ್ತು. ದೆವ್ವ ಸುಲಿಯಿತು!

ಇಂಥವಳನ್ನು ಕಾಕಾ ಒಮ್ಮೆಯಾದರೂ ಹೊಗಳಿದ್ದನೇ? "ರೊಟ್ಟಿ ಹೆಂಗದಾವ್ರಿ?" ಎಂದು ಅವಳು ಕೇಳಿದರೆ ಉತ್ತರ, "ದುಂಡಗದಾವ."

ಆಮೇಲೆ ಕಾಕುವಿಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಗಬೇಕಾಯಿತು. ಹಿಂದಿನ ದಿನ ಸಂಜೆ, ಆಟ ಆಡೋಣ ಎಂದು ಅವಳೇ ಹಟ ಹಿಡಿದಳು. ಮೊರ ಬಗಲಲ್ಲಿಟ್ಟುಕೊಂಡು ವಾರ್ಡಿಗೆ ಬಂದ ಕಾಕಾನನ್ನು ನರ್ಸ್‌ಬಾಯಿ ಕೇಳಿಯೇಬಿಟ್ಟರು, "ಏನ್ರಿ, ಇಲ್ಲಿ ಅಕ್ಕಿ ಹಸನ ಮಾಡಾವ್ರೇನು?"

ಗಂಗವ್ವನ ಹತ್ತಿರ ಉಳಿದದ್ದು ಒಂದೇ ಬೀಜ. ಸಾಹುಕಾರ ಅಡುಗೆಮನೆಗೇ ನುಗ್ಗಿದ. ದಾಳ ಉರುಳಿತು.

"ನಾಕು ಬಿತ್ತು. ಉಳಕೊಂಡ್ಲು," ಅಂದ ಕಾಕಾ. ದನಿ ಯಾಕೋ ಸರಿ ಇರಲಿಲ್ಲ.

"ಮೊರಾ ತಗೀರಿ," ಅಂದಳು ಕಾಕು.

ತೆಗೆದ. ಒಂದು ಬಿದ್ದಿತ್ತು.

"ಎಲ್ಲಾರ್ನೂ ಬಿಡದಂಗ ಕೊಂದ್ರಿ, ನನಗ್ಯಾಕ ಸುಳ್ಳು? ಗಂಗವ್ವ ಸತ್ಲು. ಏಳ್ರಿ, ಎರಡು ಛಲೋ ಮಾತು ಹೇಳ್ರಿ."

ಕಾಕಾ ಎದ್ದು ನಿಂತ. ನಾನು, ಮಾಸ್ತರರು ನಗಲು ಸಿದ್ಧರಾಗಿದ್ದೆವು.

"ಗಂಗವ್ವ ರೊಟ್ಟಿ ಛಲೋ ಬಡೀತಿದ್ಲು," ಅಂದ. "ಬರೇ ದುಂಡಗ ಅಲ್ಲ, ಮೆತ್ತಗ. ಅಂಥಾವು ನಾ ಎಲ್ಲೂ ತಿಂದಿಲ್ಲ." ಮೊರವನ್ನು ಮತ್ತೆ ಬಗಲಿಗೇರಿಸಿಕೊಂಡ. "ಅಕಿ ಇಲ್ಲ ಅಂದ್ರ, ವಾಡೇದ ಮಾತು ಬಿಡ್ರಿ, ನಮ್ಮ ಮನಿಯೊಳಗ ಹೋಗಾಕೂ ನನಗ ಅಂಜಿಕಿ ಬರ್ತೈತಿ."

ಕಾಕು ಮುಖ ಗೋಡೆಯ ಕಡೆ ತಿರುಗಿಸಿದಳು. "ಸಾಕ್ರಿ," ಅಂದಳು. "ಎರಡಕ್ಕಿಂತ ಹೆಚ್ಚಾತು."

ಆಪರೇಷನ್ ಚೆನ್ನಾಗಿಯೇ ಆಯಿತು. ಕಾಕು ಮನೆಗೆ ಬಂದ ಮೊದಲ ರವಿವಾರ, "ಹೊಸಾ ಪಾತ್ರಕ್ಕ ಬೀಜಾ ಕೊಡ್ರಿ," ಎಂದು ಸೆರಗು ಒಡ್ಡಿದಳು. ಏಳನೆಯ ಬೀಜವನ್ನು ಬ್ರಹ್ಮನಿಗೂ ಕೊಡದ ನಮ್ಮ ಕಾಕಾ ಎಣಿಸಲೇ ಇಲ್ಲ. ಇಡೀ ಡಬ್ಬಿಯನ್ನು ಅವಳ ಉಡಿಗೆ ಸುರಿದುಬಿಟ್ಟ.

ಆ ದಿನ ನನಗಾಗಲಿ ಮಾಸ್ತರರಿಗಾಗಲಿ ಒಂದು ಬೀಜವೂ ಉಳಿಯಲಿಲ್ಲ. ನಾವಿಬ್ಬರೂ ಕೇಳಲೂ ಇಲ್ಲ.