ಬಿಟ್ಟಿ ಕೋರಿನ ಪಜೀತಿ

"ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ" ಎಂಬ ಒಂದು ಸಾಲನ್ನು ಆಫೀಸಿನ ಗುಂಪಿಗೆ ಹಾಕದೇ ಇದ್ದಿದ್ದರೆ ಅವನು ಸಂಜೆ ನೆಮ್ಮದಿಯಾಗಿ ಮನೆ ಸೇರುತ್ತಿದ್ದ.

ಅವನು ಚಿಪ್ ವಿನ್ಯಾಸಕ. ಆಫೀಸಿನವರು ಇಟ್ಟ ಹೆಸರು ಕೀಚೈನ್. ಹೋದ ಸಲ ಅವನು ಆರಿಸಿದ ಕೋರ್, ಅಂದರೆ ಚಿಪ್ಪಿನೊಳಗೆ ಕೂರಿಸಲು ಮೊದಲೇ ಬರೆದಿಟ್ಟ ವಿನ್ಯಾಸದ ತುಂಡು, ಸೇರಿಸಿ ಮಾಡಿಸಿದ ಚಿಪ್ಪುಗಳು ಕಾರ್ಖಾನೆಯಿಂದ ಲಕ್ಷಣವಾಗಿ ಬಂದಿದ್ದವು. ಆದರೆ ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ ಕೂತಲ್ಲೇ ಕೂತವು, ಒಂದು ಕೆಲಸವನ್ನೂ ಮಾಡಲಿಲ್ಲ. ಸಿಲಿಕಾನಿನ ಮೇಲೆ ಕೆತ್ತಿದ್ದನ್ನು ಬ್ರಹ್ಮನೂ ತಿದ್ದಲಾರ. ಎಸೆಯಲು ಮನಸ್ಸು ಬಾರದೆ ಸಾಹೇಬರು ಒಂದೊಂದಕ್ಕೂ ತೂತು ಕೊರೆಸಿ, ಉಂಗುರ ಹಾಕಿಸಿ, ಎಲ್ಲರಿಗೂ ಹಂಚಿದ್ದರು.

ಆ ಬೆಳಿಗ್ಗೆ ಸಾಹೇಬರು ಅಂಥ ಚಿಪ್ಪೊಂದು ತೂಗುತ್ತಿದ್ದ ಬೀಗದ ಕೈ ಗೊಂಚಲು ತಿರುಗಿಸುತ್ತ ಅವನನ್ನು ಕರೆದರು.

"ಹೊಸ ಚಿಪ್ಪಿಗೆ ಹಾರ್ಡ್ ಡಿಸ್ಕ್ ಜೋಡಿಸ್ಬೇಕು ಕಣ್ರೀ. ಡಿಸ್ಕನ್ನ ಓದ್ಸೋಕೆ ಬರೆಸೋಕೆ ಒಂದು ಕಂಟ್ರೋಲರ್ ಕೋರ್ ಬೇಕು. ಕೊಂಡ್ಕೊಳ್ಳೋದಲ್ಲ. ಪುಣ್ಯಾತ್ಮರು ಬರೆದು ಊರಿಗೆಲ್ಲ ಬಿಟ್ಟಿ ಬಿಟ್ಟಿರ್ತಾರಲ್ಲ, ಓಪನ್ ಸೋರ್ಸು, ಅದ್ರಲ್ಲೊಂದನ್ನ ಸಂಜೆಯೊಳಗೆ ಆರಿಸಿ. ಇದೂ ಕೆಟ್ರೆ..." ಗೊಂಚಲು ಝಲ್ ಎಂದಿತು. "ನಿಮ್ಮ ಕುರ್ಚಿಗೆ ಬೇರೆಯವರನ್ನ ಆರಿಸ್ತೀನಿ."

ಸುದ್ದಿ ಕೇಳಿ ಹೆಂಡತಿ ಫೋನಿನಲ್ಲೇ ಕೈಮುಗಿದಳು. "ರೀ, ಈ ಸಲನಾದ್ರೂ ನೆಟ್ಟಗೆ ಮಾಡಿ. ಇನ್ನೂ ಕೀಚೈನ್ ತಂದ್ರೆ ಹಾಕೋಕೆ ಮನೇಲಿ ಬೀಗದ ಕೈ ಉಳಿದಿಲ್ಲ."

ಮಧ್ಯಾಹ್ನದ ಹೊತ್ತಿಗೆ ಕಣದಲ್ಲಿ ಎರಡೇ ಕೋರ್ ಉಳಿದವು. ಒಂದರ ಹೆಸರು 'ಅಚ್ಚುಕಟ್ಟು'. ಸಾಲುಸಾಲಿಗೂ ವಿವರಣೆ, ಜೊತೆಗೆ ಪರೀಕ್ಷೆಗಳು. ಕಂಪ್ಯೂಟರಿನಲ್ಲಿ ಓಡಿಸಿದರೆ ಒಂದಕ್ಷರ ತಪ್ಪದೆ ಓದಿತು, ಬರೆಯಿತು. ಒಂದು ಸಂದೇಹ ಕೇಳಿ ಬರೆದರೆ ಕರ್ತೃ ಆಗಲೇ ಉತ್ತರಿಸಿದ: "ತಪ್ಪಿದ್ದರೆ ದಯವಿಟ್ಟು ಹೇಳಿ. ನನಗೆ ನನ್ನ ಮೇಲೇ ನಂಬಿಕೆ ಕಮ್ಮಿ." ಕೀಚೈನ್‌ಗೆ ಕಳೆದುಹೋದ ತಮ್ಮ ಸಿಕ್ಕಷ್ಟು ಖುಷಿಯಾಯಿತು.

ಇನ್ನೊಂದಕ್ಕೆ ಬರೆದವನೇ ಇಟ್ಟ ಹೆಸರು 'ಅಡ್ಡಾದಿಡ್ಡಿ'. ಅದರಲ್ಲಿದ್ದ ಒಂದೇ ವಿವರಣೆ: "ಈ ಸಾಲು ಯಾಕಿದೆ ಗೊತ್ತಿಲ್ಲ. ತೆಗೆದರೆ ಎಲ್ಲ ನಿಂತುಹೋಗುತ್ತದೆ. ಮುಟ್ಟಬೇಡಿ."

ಅಚ್ಚುಕಟ್ಟನ್ನು ಎತ್ತಿಕೊಂಡು ಸುಮ್ಮನಿರಬಹುದಿತ್ತು. ಆದರೆ ಹೋದ ಸಲದ ಬರೆ ಇನ್ನೂ ಆರಿರಲಿಲ್ಲ. ಬೈಗುಳ ಒಬ್ಬನ ತಲೆಗೆ ಬಿದ್ದರೆ ಬಂಡೆ, ಆಫೀಸಿಗೆಲ್ಲ ಹಂಚಿದರೆ ಸಾಸಿವೆ ಎಂದು ಲೆಕ್ಕ ಹಾಕಿ, ಎರಡರ ಕೊಂಡಿಯನ್ನೂ ಗುಂಪಿಗೆ ಹಾಕಿ ಅಭಿಪ್ರಾಯ ಕೇಳಿದ.

ತಪ್ಪು ಹುಡುಕುವುದೇ ಕಸುಬಾದ ಪರೀಕ್ಷಾ ವಿಭಾಗದ ಶಂಕೆಯಕ್ಕ ಮೊದಲು ಬಂದಳು. "ಇಷ್ಟು ನೀಟಾಗಿ ಬರೆದಿದಾನೆ ಅಂದ್ರೆ ಏನೋ ಮುಚ್ಚಿಟ್ಟಿದಾನೆ ಕಣೋ. ಆ ಇನ್ನೊಂದು ಇದೆಯಲ್ಲ, ಅದು ಡೌನ್‌ಲೋಡ್ ಒತ್ತಿದ್ರೆ ಇಳೀತಾನೇ ಇಲ್ಲ. ಅರ್ಧಕ್ಕೇ ನಿಲ್ಲುತ್ತೆ."

"ಕಡತ ಕೆಟ್ಟಿದೆ ಅಕ್ಕ, ಬಿಟ್ಬಿಡಿ."

"ಬಿಡೋದಾ? ನೋಡೇಬಿಡ್ತೀನಿ!"

ಸಲೀಸಾಗಿ ತೆರೆದ ಬಾಗಿಲೊಳಗೆ ಯಾರೂ ಇಣುಕುವುದಿಲ್ಲ. ಚಿಲಕ ಹಾಕಿದ್ದಕ್ಕೇ ಎಲ್ಲರ ಕಿವಿ. ಆಫೀಸಿಗೆ ಆಫೀಸೇ ಅಡ್ಡಾದಿಡ್ಡಿಯ ಮೇಲೆ ಮುಗಿಬಿತ್ತು, ಅರ್ಧಕ್ಕೆ ನಿಂತಷ್ಟೂ ಸಲ ಮತ್ತೆ ಇಳಿಸಲು ಹೊರಟಿತು. ಚಿಪ್ಪಿನ ನಕ್ಷೆ ಬಿಡಿಸುವ ನಕ್ಷೆಯಣ್ಣ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಮೌಸ್ ಹಿಡಿದು ಟಕಟಕ ಒತ್ತುತ್ತ, ಸಾಹೇಬರ ಮೂಗುದನಿಯಲ್ಲಿ, "ಇದೂ ಕೆಟ್ರೆ ನಿಮ್ಮನ್ನೇ ಉಂಗುರಕ್ಕೆ ಹಾಕ್ತೀನಿ ಕಣ್ರೀ" ಎಂದ. ಎಲ್ಲರೂ ನಕ್ಕರು. ಕೀಚೈನೂ ನಕ್ಕ, ಅಳುವುದಕ್ಕಿಂತ ಅದು ಸುಲಭವಾಗಿತ್ತು.

ದುಃಖ ತಡೆಯದೆ ಅಚ್ಚುಕಟ್ಟಿನ ಕರ್ತೃವಿಗೆ ಬರೆದ: "ನಿಮ್ಮದೇ ಚೆನ್ನಾಗಿದೆ. ಆದರೆ ನಮ್ಮವರೆಲ್ಲ ಅಡ್ಡಾದಿಡ್ಡಿಯ ಹಿಂದೆ ಬಿದ್ದಿದ್ದಾರೆ." ಈ ಸಲ ಉತ್ತರ ಬರಲಿಲ್ಲ.

ಸಂಜೆ ಸಾಹೇಬರು ಬಂದವರು ಕೋರನ್ನು ನೋಡಲಿಲ್ಲ. ಅಡ್ಡಾದಿಡ್ಡಿಯನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆ ಎಂದು ಅದರ ಪುಟದಲ್ಲಿದ್ದ ಅಂಕಿ ಮಾತ್ರ ನೋಡಿದರು.

"ನೋಡ್ರೀ! ಬೆಳಿಗ್ಗೆ ಬೆರಳೆಣಿಕೆ ಇತ್ತು, ಈಗ ಸಾವಿರ ದಾಟಿದೆ! ಪ್ರಪಂಚನೇ ಇದನ್ನ ತಗೊಳ್ತಿದೆ, ನೀವು ಆ ಬಡಪಾಯಿದನ್ನ ಹಿಡ್ಕೊಂಡಿದೀರಿ."

"ಸಾರ್, ಅದು ಪ್ರಪಂಚ ಅಲ್ಲ, ನಾವೇ. ಅಕ್ಕ, ನೀವಾದ್ರೂ ಹೇಳಿ."

ಇಡೀ ಮಧ್ಯಾಹ್ನ ಮೌಸ್ ಒತ್ತುತ್ತ ಕಳೆದೆ ಎಂದು ಸಾಹೇಬರೆದುರು ಒಪ್ಪುವವರು ಯಾರು? ಶಂಕೆಯಕ್ಕ ಚಾವಣಿ ನೋಡಿದಳು. "ನಾನು ಒಂದೇ ಸಲಪ್ಪ." ನಕ್ಷೆಯಣ್ಣ, "ನಾನು ಮುಟ್ಟೇ ಇಲ್ಲ ಸಾರ್" ಎಂದ.

"ಸರಿ, ಈ ಅಡ್ಡಾದಿಡ್ಡಿ ಬರೆದವನನ್ನೇ ಕೇಳಿ," ಎಂದರು ಸಾಹೇಬರು.

ಕೇಳಿದ. ಮರುಕ್ಷಣವೇ ಉತ್ತರ: "ಅಯ್ಯೋ, ಅದು ನಾನು ಕಲಿಯುವಾಗ ಗೀಚಿದ್ದು, ಕೆಲಸ ಮಾಡುವುದಿಲ್ಲ. ಇವತ್ತು ಒಂದೇ ಆಫೀಸಿನಿಂದ ಯಾಕೆ ಹೀಗೆ ಮುಗಿಬಿದ್ದಿದ್ದಾರೆ ಅಂತ ನಾನೇ ಹೆದರಿದ್ದೇನೆ. ನಾನೇ ಈಗ ಬಳಸುವುದು ಅಚ್ಚುಕಟ್ಟನ್ನು."

ಕೀಚೈನ್‌ನ ಎದೆ ಎರಡು ಅಂಗುಲ ಉಬ್ಬಿತು. ಸಾಹೇಬರು ತಲೆಯಾಡಿಸಿದರು. "ಸೈ ಕಣ್ರೀ, ನೀವೇ ಗೆದ್ರಿ. ತೆಗೀರಿ ಅಚ್ಚುಕಟ್ಟನ್ನ."

ತೆಗೆದ. ಪುಟದ ನೆತ್ತಿಯ ಮೇಲೆ ಹೊಸ ಸೂಚನೆ, ಆಗಷ್ಟೇ ಹಾಕಿದ್ದು: "ಒಂದು ಇಡೀ ಆಫೀಸು ನನ್ನದನ್ನು ಪರೀಕ್ಷಿಸಿ, ಕೈಬಿಟ್ಟು, ಅಡ್ಡಾದಿಡ್ಡಿಯನ್ನು ಆರಿಸಿದೆ. ಅಷ್ಟು ಜನ ತಿಳಿದವರು ಸುಮ್ಮನೆ ಹಾಗೆ ಮಾಡುವುದಿಲ್ಲ. ನನ್ನಲ್ಲೇ ದೋಷವಿರಬೇಕು. ದಯವಿಟ್ಟು ಇದನ್ನು ಯಾರೂ ಬಳಸಬೇಡಿ. ನಾನೂ ಅಡ್ಡಾದಿಡ್ಡಿಗೆ ಹೋಗುತ್ತಿದ್ದೇನೆ."

ಕೀಚೈನ್ ತನ್ನ ಕಂಪ್ಯೂಟರನ್ನು ಸಾಹೇಬರ ಕಡೆ ತಿರುಗಿಸಿದ.

"ಸಾರ್, ನನ್ನ ಹತ್ರ ಪ್ರತಿ ಇದೆ, ಚೆನ್ನಾಗೇ ಓಡುತ್ತೆ..."

"ಹೆತ್ತವನೇ ಬೇಡ ಅಂದದ್ದನ್ನ ನಾನು ಸಾಕ್ಲಾ?" ಸಾಹೇಬರು ಎದ್ದರು. "ಇವನದ್ದು ಬೇಡ, ಅವನದ್ದೂ ಬೇಡ. ಕೋರನ್ನ ನೀವೇ ಬರೀರಿ."

"ನಾನಾ?"

"ಮತ್ತೆ?" ಬಾಗಿಲ ಬಳಿ ನಿಂತು ಗೊಂಚಲನ್ನೊಮ್ಮೆ ಝಲ್ ಎನ್ನಿಸಿ, ನಕ್ಷೆಯಣ್ಣನ ಕಡೆ ತಿರುಗಿದರು. "ನೀವು ನಕ್ಷೇಲೇ ಮೂಲೇಲೊಂದು ತೂತು ಬಿಟ್ಟಿರ್ರೀ. ಹೋದ ಸಲ ಆಮೇಲೆ ಕೊರೆಸೋಕೆ ಬಹಳ ಖರ್ಚಾಯ್ತು."